ಕರ್ನಲ್ ಮಾಡ್ಯೂಲ್ ಒಳಗಿಂದ ಫೈಲ್‌ನ ವಿವರ ತಿಳಿಯುವುದು: ಯಾವ ದಾರಿ ಯಾವಾಗ?

ಯೂಸರ್ ಸ್ಪೇಸ್‌ನಲ್ಲಿ, ಅಂದರೆ ಮಾಮೂಲಿ ಪ್ರೋಗ್ರಾಮ್‌ಗಳು ಓಡುವ ಕಡೆ, ಫೈಲ್‌ನ ವಿವರ ತಿಳಿಯುವುದು ಒಂದು ಸಾಲಿನ ಕೆಲಸ. ಫೈಲ್ ಎಷ್ಟು ದೊಡ್ಡದು, ಯಾರದ್ದು, ಕೊನೆಗೆ ಯಾವಾಗ ಬದಲಾಯಿತು? ಸ್ಟ್ಯಾಟ್ ಅಂತ ಕರೆದರೆ ಉತ್ತರ ಸಿಗುತ್ತದೆ. ಅದೇ ಪ್ರಶ್ನೆಯನ್ನು ಲಿನಕ್ಸ್ ಕರ್ನಲ್ ಮಾಡ್ಯೂಲ್ (ಕರ್ನಲ್‌ಗೆ ಬೇಕೆಂದಾಗ ಸೇರಿಸುವ ಕೋಡ್) ಒಳಗೆ ನಿಂತು ಕೇಳಿದರೆ ನಾಲ್ಕೈದು ದಾರಿ ಕಾಣುತ್ತವೆ. ಹೆಚ್ಚಿನವು ಕಂಪೈಲ್ ಆಗುತ್ತವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮೊದಲ ಸಲ ಓಡಿಸಿದಾಗ ಸರಿಯಾದ ಅಂಕಿಯನ್ನೇ ಕೊಡುತ್ತವೆ. ತೊಂದರೆ ಶುರುವಾಗುವುದು ಆ ಮಾಡ್ಯೂಲ್ ಬೇರೆಯವರ ಯಂತ್ರಕ್ಕೆ ಹೋದ ಮೇಲೆ.

ಇಲ್ಲಿ ಜನ ಸಾಮಾನ್ಯವಾಗಿ ಕೇಳುವುದು "ಯಾವ ಫಂಕ್ಷನ್ ಕರೆಯಲಿ?" ಅಂತ. ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಬೇಕಾದದ್ದು "ನನ್ನ ಕೈಯಲ್ಲಿ ಈಗ ಏನಿದೆ?" ಅಂತ. ಬರೀ ಪಾಥ್‌ನ ಹೆಸರು ಇದೆಯೇ? ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಪ್ರೋಸೆಸ್ ಒಳಗೆ ಸಿಗುವ ಸಂಖ್ಯೆ) ಇದೆಯೇ? ಆಗಲೇ ತೆರೆದಿರುವ ಫೈಲ್‌ನ ಪಾಯಿಂಟರ್ ಇದೆಯೇ? ಅಥವಾ ಡೆಂಟ್ರಿ (ಹೆಸರನ್ನು ಐನೋಡ್‌ಗೆ ಜೋಡಿಸುವ ಕರ್ನಲ್ ದಾಖಲೆ), ಐನೋಡ್ (ಫೈಲ್‌ನ ವಿವರಗಳ ದಾಖಲೆ) ಮಾತ್ರವೇ? ಇದು ಗೊತ್ತಾದರೆ ಅರ್ಧ ದಾರಿಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಒಂದು ಮಾತು. ಫಂಕ್ಷನ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕರ್ನಲ್ ಕೋಡ್ ನೋಡಿದವರಿಗೆ ಗುರುತು ಸಿಗುತ್ತದೆ.

ಹೆಸರು ಮಾತ್ರ ಇದ್ದಾಗ

ಮಾಡ್ಯೂಲ್‌ಗೆ ಯಾರೋ ಒಂದು ಪಾಥ್ ಕೊಟ್ಟಿದ್ದಾರೆ. ಮಾಡ್ಯೂಲ್ ಪ್ಯಾರಾಮೀಟರ್ ಆಗಿ ಬಂದಿರಬಹುದು, ಸಿಸ್‌ಎಫ್‌ಎಸ್ ಮೂಲಕ ಬರೆದಿರಬಹುದು. ಇಲ್ಲಿ ಮೂರು ದಾರಿ.

ಮೊದಲನೆಯದು ವಿಎಫ್‌ಎಸ್_ಸ್ಟ್ಯಾಟ್ (ವಿಎಫ್‌ಎಸ್ ಅಂದರೆ ಎಲ್ಲ ಫೈಲ್ ಸಿಸ್ಟಮ್‌ಗಳ ಮೇಲಿರುವ ಕರ್ನಲ್‌ನ ಸಾಮಾನ್ಯ ಪದರ). ಹಳೆಯ ಕೋಡ್‌ನಲ್ಲಿ ಇದೇ ಜಾಸ್ತಿ ಕಾಣುತ್ತದೆ. ಹೆಸರು ನೋಡಿದರೆ ಇದೇ ಬೇಕಾದದ್ದು ಅನಿಸುತ್ತದೆ, ಅಲ್ವಾ? ಆದರೆ ಇದು ಯೂಸರ್ ಸ್ಪೇಸ್‌ನ ಪಾಯಿಂಟರ್ ಬಯಸುತ್ತದೆ. ಕರ್ನಲ್‌ನ ಸ್ಟ್ರಿಂಗ್ ಕೊಟ್ಟರೆ ವಿಳಾಸದ ಪರಿಶೀಲನೆಯಲ್ಲೇ ಬಿದ್ದು ಇ-ಫಾಲ್ಟ್ (ತಪ್ಪು ವಿಳಾಸ ಎಂಬ ದೋಷ) ಬರುತ್ತದೆ. ಹಿಂದೆ ಇದನ್ನು ದಾಟಲು ಸೆಟ್_ಎಫ್‌ಎಸ್ ಕರೆದು, ಕರ್ನಲ್ ವಿಳಾಸವನ್ನೂ ಒಪ್ಪಿಕೋ ಅಂತ ಹೇಳಿ, ಕೆಲಸ ಮುಗಿದ ಮೇಲೆ ಮೊದಲಿನ ಸ್ಥಿತಿಗೆ ತರುತ್ತಿದ್ದರು. ನಡುವೆ ಎಲ್ಲಾದರೂ ಎಡವಿ ಹಿಂದಕ್ಕೆ ತರುವುದು ಮರೆತರೆ, ಯೂಸರ್ ಪ್ರೋಗ್ರಾಮ್ ಕರ್ನಲ್ ಮೆಮೊರಿಗೇ ಕೈ ಹಾಕಬಹುದಿತ್ತು. ಅಂಥ ತೂತುಗಳು ನಿಜವಾಗಿಯೂ ಸಿಕ್ಕಿದ್ದವು. ಕೊನೆಗೆ ಕರ್ನಲ್ ಆವೃತ್ತಿ 5.10ರಲ್ಲಿ ಎಕ್ಸ್86ನಿಂದ ಸೆಟ್_ಎಫ್‌ಎಸ್ ಹೋಯಿತು. 2022ರಲ್ಲಿ ಬಂದ 5.18ರ ಹೊತ್ತಿಗೆ ಎಲ್ಲ ಕಡೆಯಿಂದಲೂ ಹೋಯಿತು. ಆದ್ದರಿಂದ ಹಳೆಯ ಉದಾಹರಣೆಯಲ್ಲಿ ಸೆಟ್_ಎಫ್‌ಎಸ್ ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ.

ಎರಡನೆಯದು ಫಿಲ್ಪ್_ಓಪನ್. ಫೈಲ್ ತೆರೆಯಿರಿ, ಫೈಲ್_ಐನೋಡ್ ಮೂಲಕ ಐನೋಡ್ ಹಿಡಿಯಿರಿ, ಐ_ಸೈಜ್_ರೀಡ್ ಕರೆದು ಗಾತ್ರ ಓದಿ, ಫಿಲ್ಪ್_ಕ್ಲೋಸ್ ಮಾಡಿ. ಸುಲಭ ಅನಿಸುತ್ತದೆ. ಆದರೆ ತೆರೆಯುವುದು ಎಂದರೆ ಸುಮ್ನೆ ನೋಡುವುದಲ್ಲ, ಅದೂ ಒಂದು ಕ್ರಿಯೆ. ಪಾಥ್‌ನ ಆ ಕಡೆ ಇರುವುದು ಫೈಫೋ (ಹೆಸರಿರುವ ಪೈಪ್) ಆಗಿದ್ದರೆ, ಓದಲು ತೆರೆದ ನಿಮ್ಮ ಥ್ರೆಡ್ ಬರೆಯುವವರು ಬರುವವರೆಗೆ ಅಲ್ಲೇ ಕೂತಿರುತ್ತದೆ. ನಾನ್‌ಬ್ಲಾಕ್ ಫ್ಲ್ಯಾಗ್ ಕೊಡದಿದ್ದರೆ ಅದು ಯಾವತ್ತೂ ಏಳದೇ ಇರಬಹುದು. ಡಿವೈಸ್ ನೋಡ್ ಆಗಿದ್ದರೆ ಆ ಡ್ರೈವರ್‌ನ ಓಪನ್ ಕೋಡ್ ಓಡುತ್ತದೆ. ಟೇಪ್ ಡ್ರೈವ್‌ನ ಮಾಮೂಲಿ ನೋಡ್ ಆದರೆ ಮುಚ್ಚುವಾಗ ಟೇಪ್ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಐನೋಟಿಫೈ (ಫೈಲ್‌ಗೆ ಏನಾದರೂ ಆದರೆ ತಿಳಿಸುವ ವ್ಯವಸ್ಥೆ) ಇಟ್ಟುಕೊಂಡು ಕಾಯುತ್ತಿರುವವರಿಗೆಲ್ಲ "ಯಾರೋ ತೆರೆದರು" ಅಂತ ಸುದ್ದಿ ಹೋಗುತ್ತದೆ. ಜೊತೆಗೆ, ತೆರೆಯಲು ಆ ಫೈಲ್‌ನ ಮೇಲೆ ಓದುವ ಅನುಮತಿ ಬೇಕು. ಸ್ಟ್ಯಾಟ್‌ಗೆ ಅದು ಬೇಡ. ದಾರಿಯಲ್ಲಿರುವ ಡೈರೆಕ್ಟರಿಗಳನ್ನು ದಾಟುವ ಅನುಮತಿ ಇದ್ದರೆ ಸಾಕು.

ಹೇಗಿದ್ದರೂ ಫೈಲ್ ಒಳಗಿನದನ್ನು ಓದಲಿದ್ದೀರಿ ಎಂದಾದರೆ ಮಾತ್ರ ಫಿಲ್ಪ್_ಓಪನ್ ಸರಿ. ಬರೀ ಗಾತ್ರ ತಿಳಿಯಲು ಬೇಡ.

ಮೂರನೆಯದೇ ನಾನು ಹೇಳುವ ದಾರಿ. ಕರ್ನ್_ಪಾಥ್ ಕರೆದು ಹೆಸರನ್ನು ಪಾಥ್ ಸ್ಟ್ರಕ್ಚರ್ ಆಗಿ ಬದಲಾಯಿಸಿಕೊಳ್ಳಿ. ಅದನ್ನು ವಿಎಫ್‌ಎಸ್_ಗೆಟ್‌ಆಟ್ರ್‌ಗೆ ಕೊಡಿ. ಉತ್ತರ ಕೆಸ್ಟ್ಯಾಟ್ ಸ್ಟ್ರಕ್ಚರ್‌ನಲ್ಲಿ ಬರುತ್ತದೆ. ಕೊನೆಗೆ ಪಾಥ್_ಪುಟ್. ಇದು ಕರ್ನಲ್ ಸ್ಟ್ರಿಂಗ್ ಅನ್ನೇ ತೆಗೆದುಕೊಳ್ಳುತ್ತದೆ ಮತ್ತು ಫೈಲನ್ನು ತೆರೆಯುವುದಿಲ್ಲ. ಲುಕಪ್_ಫಾಲೋ ಫ್ಲ್ಯಾಗ್ ಕೊಟ್ಟರೆ ಸಿಮ್‌ಲಿಂಕ್‌ನ ಗುರಿಯ ವಿವರ ಸಿಗುತ್ತದೆ. ಸೊನ್ನೆ ಕೊಟ್ಟರೆ ಎಲ್‌ಸ್ಟ್ಯಾಟ್ ರೀತಿ ಆ ಲಿಂಕ್‌ನದ್ದೇ ಸಿಗುತ್ತದೆ.

ಪಾಥ್_ಪುಟ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಾನೇ ಇದರಲ್ಲಿ ಒಂದು ದಿನ ಕಳೆದುಕೊಂಡಿದ್ದೇನೆ. ಗೆಟ್‌ಆಟ್ರ್ ಸೋತಾಗ ಹೋಗುವ ದಾರಿಯಲ್ಲಿ ಒಂದು ಕಡೆ ಪಾಥ್_ಪುಟ್ ಬರೆಯುವುದು ಬಿಟ್ಟುಹೋಗಿತ್ತು. ಮಾಡ್ಯೂಲ್ ಚೆನ್ನಾಗಿಯೇ ಓಡಿತು. ತೆಗೆದುಹಾಕಿದಾಗಲೂ ಏನೂ ಹೇಳಲಿಲ್ಲ. ಆಮೇಲೆ ಆ ಡಿಸ್ಕ್ ಅನ್‌ಮೌಂಟ್ ಮಾಡಲು ಹೋದರೆ "ಬ್ಯುಸಿ" ಎಂಬ ಉತ್ತರ. ತೆರೆದ ಫೈಲ್‌ಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಒಎಫ್ ಓಡಿಸಿದರೆ ಒಂದು ಸಾಲೂ ಇಲ್ಲ. ಇರುವುದಾದರೂ ಹೇಗೆ? ಮೌಂಟನ್ನು ಹಿಡಿದಿರುವುದು ಯಾವ ಪ್ರೋಸೆಸ್ಸೂ ಅಲ್ಲ, ಆಗಲೇ ಹೊರಟುಹೋದ ಮಾಡ್ಯೂಲ್ ಬಿಟ್ಟುಹೋದ ಒಂದು ಎಣಿಕೆ. ಅದನ್ನು ಇಳಿಸುವವರು ಯಾರೂ ಉಳಿದಿರಲಿಲ್ಲ. ರೀಬೂಟ್ ಬಿಟ್ಟು ಬೇರೆ ದಾರಿ ಕಾಣಲಿಲ್ಲ.

ಫೈಲ್ ಡಿಸ್ಕ್ರಿಪ್ಟರ್ ಇದ್ದಾಗ

ಯೂಸರ್ ಸ್ಪೇಸ್ ಜೊತೆಗಿನ ಮಾತುಕತೆಯ ವಿನ್ಯಾಸ ನಿಮ್ಮ ಕೈಯಲ್ಲೇ ಇದ್ದರೆ, ಪಾಥ್ ಕೇಳಲೇಬೇಡಿ. ಐಆಕ್ಟಲ್‌ನಲ್ಲಿ (ಪ್ರೋಗ್ರಾಮ್ ಡ್ರೈವರ್‌ಗೆ ಆದೇಶ ಕಳಿಸುವ ಕರೆ) ಡಿಸ್ಕ್ರಿಪ್ಟರ್ ಸಂಖ್ಯೆ ಕೇಳಿ. ಎಫ್‌ಗೆಟ್ ಕರೆದರೆ ಫೈಲ್‌ನ ಪಾಯಿಂಟರ್ ಸಿಗುತ್ತದೆ. ಅದರ ಒಳಗಿರುವ ಎಫ್_ಪಾಥ್ ಅನ್ನು ವಿಎಫ್‌ಎಸ್_ಗೆಟ್‌ಆಟ್ರ್‌ಗೆ ಕೊಡಿ, ಮುಗಿದ ಮೇಲೆ ಎಫ್‌ಪುಟ್.

ಇದರಿಂದ ಎಷ್ಟು ತಲೆನೋವು ತಪ್ಪುತ್ತದೆ ನೋಡಿ. ಹೆಸರನ್ನು ಹುಡುಕುವ ಕೆಲಸ, ಅನುಮತಿಯ ತಪಾಸಣೆ, ಯಾವ ಕಂಟೈನರ್‌ನ ಯಾವ ರೂಟ್ ಎಂಬ ಗೊಂದಲ, ಎಲ್ಲವೂ ಯೂಸರ್ ಸ್ಪೇಸ್‌ನಲ್ಲೇ, ತೆರೆದವರ ಹೆಸರಿನಲ್ಲೇ ಮುಗಿದಿರುತ್ತದೆ. ನೀವು ನೋಡಿದ ಫೈಲ್ ಮತ್ತು ಮುಂದೆ ಬಳಸುವ ಫೈಲ್ ಎರಡೂ ಒಂದೇ ಎಂಬ ಖಾತ್ರಿಯೂ ಇರುತ್ತದೆ. ಪಾಥ್ ವಿಷಯದಲ್ಲಿ ಆ ಖಾತ್ರಿ ಇಲ್ಲ. ಈಗ ವಿವರ ನೋಡಿ, ಮರುಕ್ಷಣ ಅದೇ ಹೆಸರಿನಿಂದ ತೆರೆದರೆ, ನಡುವೆ ಯಾರಾದರೂ ಆ ಹೆಸರಿಗೆ ಬೇರೆ ಫೈಲ್ ತಂದು ಕೂರಿಸಿರಬಹುದು. ತೆರೆಯಲು ಅನುಮತಿ ಇಲ್ಲದ ಫೈಲ್ ಆದರೆ? ಯೂಸರ್ ಸ್ಪೇಸ್‌ನವರು ಓ_ಪಾಥ್ ಫ್ಲ್ಯಾಗ್‌ನಿಂದ ತೆರೆಯಬಹುದು. ಆದರೆ ಅಂಥ ಡಿಸ್ಕ್ರಿಪ್ಟರ್‌ಗೆ ಎಫ್‌ಗೆಟ್ ಏನನ್ನೂ ಕೊಡುವುದಿಲ್ಲ, ಎಫ್‌ಗೆಟ್_ರಾ ಬೇಕು.

ಇಲ್ಲಿ ಒಂದು ಸಣ್ಣ ಮುಳ್ಳಿದೆ. ಫಿಲ್ಪ್_ಓಪನ್ ಸೋತರೆ ಪಾಯಿಂಟರ್ ವೇಷದ ದೋಷ ಸಂಖ್ಯೆ ಬರುತ್ತದೆ, ಅದನ್ನು ಈಸ್_ಎರರ್‌ನಿಂದ ನೋಡಬೇಕು. ಎಫ್‌ಗೆಟ್ ಸೋತರೆ ನಲ್ ಬರುತ್ತದೆ. ಒಂದರ ತಪಾಸಣೆಯನ್ನು ಇನ್ನೊಂದಕ್ಕೆ ನಕಲು ಮಾಡಿದರೆ ಎರಡೂ ಕಡೆ ಕರ್ನಲ್ ಬೀಳುತ್ತದೆ.

ಇನ್ನೊಂದು. ಎಫ್‌ಗೆಟ್ ನೋಡುವುದು ಈಗ ಓಡುತ್ತಿರುವ ಪ್ರೋಸೆಸ್‌ನ ಫೈಲ್ ಪಟ್ಟಿಯನ್ನು. ಹಾಗಾಗಿ ಅದನ್ನು ಐಆಕ್ಟಲ್ ಒಳಗೇ ಕರೆಯಬೇಕು. ಸಂಖ್ಯೆಯನ್ನು ಎತ್ತಿಟ್ಟುಕೊಂಡು ಆಮೇಲೆ ವರ್ಕ್‌ಕ್ಯೂನಲ್ಲಿ (ಮುಂದೂಡಿದ ಕೆಲಸವನ್ನು ಕರ್ನಲ್ ಥ್ರೆಡ್‌ನಲ್ಲಿ ಓಡಿಸುವ ಸಾಲು) ಕರೆದರೆ ಆ ಸಂಖ್ಯೆಗೆ ಅಲ್ಲಿ ಅರ್ಥವೇ ಇರುವುದಿಲ್ಲ.

ಐನೋಡ್ ಕೈಗೆ ಸಿಕ್ಕಿದೆ, ನೇರವಾಗಿ ಓದಿದರೆ ಸಾಲದೇ?

ಇದೇ ನಿಜವಾದ ಆಕರ್ಷಣೆ. ಐನೋಡ್‌ನಲ್ಲಿ ಐ_ಸೈಜ್ ಇದೆ, ಐ_ಯುಐಡಿ ಇದೆ, ಐ_ಬ್ಲಾಕ್ಸ್ ಇದೆ. ಫಂಕ್ಷನ್ ಕರೆಯುವ ಗೋಜೇಕೆ? ಎಕ್ಸ್‌ಟಿ4 ಫೈಲ್ ಸಿಸ್ಟಮ್ ಮೇಲೆ ಮಾತ್ರ ಪರೀಕ್ಷೆ ಮಾಡಿದವರು ಇದೇ ಸರಿ ಎಂದು ವಾದಿಸುತ್ತಾರೆ.

ವಿಎಫ್‌ಎಸ್_ಗೆಟ್‌ಆಟ್ರ್ ಒಳಗೆ ಏನಾಗುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಅದು ಮೊದಲು ಸೆಕ್ಯುರಿಟಿ ಮಾಡ್ಯೂಲ್ ಅನ್ನು ಕೇಳುತ್ತದೆ. ಆಮೇಲೆ ಫೈಲ್ ಸಿಸ್ಟಮ್ ತನ್ನದೇ ಗೆಟ್‌ಆಟ್ರ್ ಕೊಟ್ಟಿದ್ದರೆ ಅದನ್ನು ಕರೆಯುತ್ತದೆ. ಕೊಟ್ಟಿಲ್ಲದಿದ್ದರೆ ಮಾತ್ರ ಜೆನೆರಿಕ್_ಫಿಲ್‌ಆಟ್ರ್ ಐನೋಡ್‌ನಿಂದ ಅಂಕಿಗಳನ್ನು ನಕಲು ಮಾಡುತ್ತದೆ. ಅಂದರೆ ಫೈಲ್ ಸಿಸ್ಟಮ್‌ಗೆ "ನಿನ್ನ ಉತ್ತರ ಹೇಳು" ಎನ್ನುವ ಅವಕಾಶ ಅಲ್ಲಿದೆ. ಐನೋಡ್ ನೇರವಾಗಿ ಓದಿದರೆ ಆ ಅವಕಾಶವನ್ನು ನೀವು ಕಿತ್ತುಕೊಂಡಂತೆ. ಹಾಗೆ ಕಿತ್ತುಕೊಂಡರೆ ಎಲ್ಲೆಲ್ಲಿ ಏಟು ಬೀಳುತ್ತದೆ?

ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್‌ನಲ್ಲಿ ಪ್ರತಿ ಸಬ್‌ವಾಲ್ಯೂಮ್‌ಗೂ (ಅದರೊಳಗಿನ ಪ್ರತ್ಯೇಕ ಫೈಲ್ ಮರ) ಬೇರೆ ಡಿವೈಸ್ ಸಂಖ್ಯೆ ಇರುತ್ತದೆ, ಸ್ಟ್ಯಾಟ್ ಅದನ್ನೇ ಹೇಳುತ್ತದೆ. ಸೂಪರ್‌ಬ್ಲಾಕ್‌ನ ಎಸ್_ಡೆವ್ ಓದಿದರೆ ಬೇರೆಯೇ ಸಂಖ್ಯೆ ಬರುತ್ತದೆ. ಡಿವೈಸ್ ಮತ್ತು ಐನೋಡ್ ಸಂಖ್ಯೆ ಸೇರಿಸಿ ಫೈಲ್‌ನ ಗುರುತು ಮಾಡಿಕೊಂಡು, ಅದನ್ನು ಯೂಸರ್ ಸ್ಪೇಸ್‌ನ ಸ್ಟ್ಯಾಟ್ ಜೊತೆ ಹೋಲಿಸುವ ಮಾಡ್ಯೂಲ್ ಆದರೆ ಯಾವುದೂ ತಾಳೆಯಾಗುವುದಿಲ್ಲ. ಹಲವು ಡೈರೆಕ್ಟರಿ ಪದರಗಳನ್ನು ಒಂದಾಗಿ ತೋರಿಸುವ ಓವರ್ಲೇಎಫ್‌ಎಸ್‌ನಲ್ಲೂ ಡಿವೈಸ್ ಸಂಖ್ಯೆಯ ವಿಷಯದಲ್ಲಿ ಇದೇ ಬಗೆಯ ಗೋಜಲು. ಕಂಟೈನರ್‌ಗಳು ಓಡುವುದು ಹೆಚ್ಚಾಗಿ ಅದರ ಮೇಲೆಯೇ.

ನೆಟ್‌ವರ್ಕ್ ಫೈಲ್ ಸಿಸ್ಟಮ್ ಆದ ಎನ್‌ಎಫ್‌ಎಸ್‌ನಲ್ಲಿ ಐನೋಡ್‌ನಲ್ಲಿರುವುದು ಕೊನೆಯ ಸಲ ಸರ್ವರ್ ಹೇಳಿದ್ದು. ಅಲ್ಲಿ ಫೈಲ್ ಆಗಲೇ ಬೆಳೆದಿರಬಹುದು. ಗೆಟ್‌ಆಟ್ರ್ ಕರೆದರೆ ಹಳೆಯದಾಗಿದೆಯೇ ನೋಡಿ, ಬೇಕಿದ್ದರೆ ಸರ್ವರ್ ಅನ್ನು ಮತ್ತೆ ಕೇಳುತ್ತದೆ.

ಎಕ್ಸ್‌ಟಿ4 ಆದರೂ ಪೂರ್ತಿ ನಂಬುವಂತಿಲ್ಲ. ಬರೆದ ಡೇಟಾಗೆ ಡಿಸ್ಕ್‌ನಲ್ಲಿ ಜಾಗ ಹಂಚುವುದನ್ನು ಅದು ಮುಂದಕ್ಕೆ ಹಾಕುತ್ತದೆ. ಹೀಗೆ ಬಾಕಿ ಇರುವ ಬ್ಲಾಕ್‌ಗಳನ್ನು ಅದರ ಗೆಟ್‌ಆಟ್ರ್ ಕೂಡಿಸಿ ಹೇಳುತ್ತದೆ. ಐ_ಬ್ಲಾಕ್ಸ್ ಮಾತ್ರ ನೋಡಿದವರಿಗೆ ಈಗಷ್ಟೇ ಬರೆದ ಫೈಲ್ ಖಾಲಿ ಎಂಬಂತೆ ಕಾಣುತ್ತದೆ.

ಮಾಲೀಕನ ವಿಷಯ ಇನ್ನೊಂದು. 5.12ರಿಂದ ಮೌಂಟ್‌ಗೆ ತಕ್ಕಂತೆ ಯೂಸರ್ ಸಂಖ್ಯೆಯನ್ನು ಬದಲಿಸಿ ತೋರಿಸುವ ಐಡಿ-ಮ್ಯಾಪ್ಡ್ ಮೌಂಟ್‌ಗಳು ಬಂದಿವೆ. ಐನೋಡ್‌ಗೆ ತಾನು ಯಾವ ಮೌಂಟ್‌ನಿಂದ ಕಾಣುತ್ತಿದ್ದೇನೆ ಎಂಬುದೇ ಗೊತ್ತಿಲ್ಲ. ಪಾಥ್‌ಗೆ ಗೊತ್ತು. ಗೆಟ್‌ಆಟ್ರ್ ಡೆಂಟ್ರಿಯನ್ನಲ್ಲ, ಪಾಥ್ ಅನ್ನೇ ಏಕೆ ಕೇಳುತ್ತದೆ ಎಂಬುದಕ್ಕೆ ಇದೂ ಒಂದು ಉತ್ತರ.

ಬ್ಲಾಕ್ ಡಿವೈಸ್ ಮಾತ್ರ ಎಲ್ಲರಿಗೂ ಕೈ ಕೊಡುತ್ತದೆ. ಡೆವ್ ಡೈರೆಕ್ಟರಿಯಲ್ಲಿರುವ ಡಿಸ್ಕ್ ನೋಡ್‌ನ ಗಾತ್ರ ಕೇಳಿದರೆ ಫೈಲ್_ಐನೋಡ್ ಆಗಲಿ ಗೆಟ್‌ಆಟ್ರ್ ಆಗಲಿ ಸೊನ್ನೆ ಎನ್ನುತ್ತವೆ. ನಿಜವಾದ ಗಾತ್ರ ಇರುವುದು ತೆರೆದ ಫೈಲ್‌ನ ಎಫ್_ಮ್ಯಾಪಿಂಗ್‌ನ ಹೋಸ್ಟ್ ಐನೋಡ್‌ನಲ್ಲಿ. ಪ್ರಾಕ್ ಫೈಲ್‌ಗಳ ಸೊನ್ನೆಗೆ ಇಂಥ ಪರಿಹಾರವೂ ಇಲ್ಲ. ಅಲ್ಲಿನ ಹೆಚ್ಚಿನ ಫೈಲ್‌ಗಳು ಓದುವಾಗಲೇ ಹುಟ್ಟುತ್ತವೆ.

ಹಾಗಾದರೆ ನೇರ ಓದು ಯಾವಾಗ ಸರಿ? ಫೈಲ್ ಮಾಮೂಲಿಯದೋ ಡೈರೆಕ್ಟರಿಯೋ ಎಂದು ತಿಳಿಯಲು ಐ_ಮೋಡ್ ನೋಡುವುದು ಪೂರ್ತಿ ಸರಿ. ಸ್ಪಿನ್‌ಲಾಕ್ (ಹಿಡಿದಿರುವಾಗ ನಿದ್ದೆ ಹೋಗಬಾರದ ಬೀಗ) ಹಿಡಿದು ನಿಂತಾಗ ಗಾತ್ರದ ಅಂದಾಜು ಬೇಕಿದ್ದರೂ ಸರಿ. ಆದರೆ ಐ_ಸೈಜ್_ರೀಡ್ ಮೂಲಕವೇ ಓದಿ. 32 ಬಿಟ್ ಯಂತ್ರದಲ್ಲಿ 64 ಬಿಟ್ ಗಾತ್ರವನ್ನು ಒಂದೇ ಏಟಿಗೆ ಓದಲಾಗದು. ಅರ್ಧ ಹಳೆಯದು, ಅರ್ಧ ಹೊಸದು ಬರುವ ಅಪಾಯವಿದೆ. ಸಮಯಗಳಿಗೂ ಹಾಗೆಯೇ, ಐನೋಡ್_ಗೆಟ್_ಎಂಟೈಮ್ ಬಗೆಯ ಫಂಕ್ಷನ್‌ಗಳನ್ನು ಬಳಸಿ. 6.6 ಮತ್ತು 6.7ರಲ್ಲಿ ಆ ಫೀಲ್ಡ್‌ಗಳ ಹೆಸರನ್ನೇ ಬದಲಿಸಿ, ನೇರ ಓದುವ ಕೋಡ್ ಕಂಪೈಲ್ ಆಗದಂತೆ ಮಾಡಿದರು.

ಎಲ್ಲಿ ನಿಂತು ಕೇಳುತ್ತಿದ್ದೀರಿ?

ಕರ್ನ್_ಪಾಥ್, ಗೆಟ್‌ಆಟ್ರ್ ಎರಡೂ ನಿದ್ದೆ ಹೋಗಬಹುದು. ಡಿಸ್ಕ್ ಓದಬೇಕಾಗಬಹುದು, ನೆಟ್‌ವರ್ಕ್‌ಗೆ ಕಾಯಬೇಕಾಗಬಹುದು. ಆದ್ದರಿಂದ ಇಂಟರಪ್ಟ್ ಹ್ಯಾಂಡ್ಲರ್, ಸ್ಪಿನ್‌ಲಾಕ್, ಕೆಪ್ರೋಬ್ (ಕರ್ನಲ್ ಕೋಡ್‌ನ ನಡುವೆ ಇಡುವ ತನಿಖಾ ಬಿಂದು) ಹ್ಯಾಂಡ್ಲರ್ ಒಳಗೆ ಇವು ಬೇಡವೇ ಬೇಡ. ಮೋಸ ಏನೆಂದರೆ, ಡೆಂಟ್ರಿ ಆಗಲೇ ಕ್ಯಾಶ್‌ನಲ್ಲಿದ್ದರೆ ಹುಡುಕಾಟ ನಿದ್ದೆಯಿಲ್ಲದೆ ಮುಗಿಯುತ್ತದೆ. ಹಾಗಾಗಿ ತಪ್ಪು ಕೋಡ್ ಕೂಡ ಮೇಜಿನ ಮೇಲೆ ನೂರು ಸಲ ಸರಿಯಾಗಿ ಓಡುತ್ತದೆ.

ಇದು ಗೊತ್ತಾದ ಕೂಡಲೇ ಎಲ್ಲರೂ ಮಾಡುವುದು ಪಾಥ್ ಸ್ಟ್ರಿಂಗನ್ನು ವರ್ಕ್‌ಕ್ಯೂಗೆ ತಳ್ಳುವುದು. ಅಲ್ಲಿ ನಿದ್ದೆ ಮಾಡಬಹುದು ನಿಜ. ಆದರೆ ಅಲ್ಲಿ ಹೆಸರು ಹುಡುಕುವುದು ಕರ್ನಲ್ ಥ್ರೆಡ್‌ನ ರೂಟ್‌ನಿಂದ. ಕಂಟೈನರ್ ಒಳಗಿನ ಪ್ರೋಸೆಸ್ ಹೇಳಿದ ಇಟಿಸಿ ಪಾಸ್‌ವರ್ಡ್ ಫೈಲ್ ಬದಲು ಹೋಸ್ಟ್‌ನ ಫೈಲ್ ಸಿಗುತ್ತದೆ. ದೋಷ ಸಂಖ್ಯೆಯೂ ಬರುವುದಿಲ್ಲ, ತಪ್ಪು ಫೈಲ್‌ನ ಸರಿಯಾದ ವಿವರ ಬರುತ್ತದೆ! ಸ್ಟ್ರಿಂಗ್ ಬದಲು ಪಾಥ್ ಸ್ಟ್ರಕ್ಚರನ್ನೇ ದಾಟಿಸಿ. ಮೂಲ ಜಾಗದಲ್ಲಿ ಫೈಲ್ ಪಾಯಿಂಟರ್ ಇದ್ದರೆ ಅದರ ಎಫ್_ಪಾಥ್ ಮೇಲೆ ಪಾಥ್_ಗೆಟ್ ಮಾಡಿ. ವರ್ಕ್‌ಕ್ಯೂನಲ್ಲಿ ಗೆಟ್‌ಆಟ್ರ್ ಕರೆದು ಪಾಥ್_ಪುಟ್ ಮಾಡಿ.

ಪ್ರೋಸೆಸ್ ಸಾಯುವ ಹೊತ್ತು ಇನ್ನೊಂದು ಬಲೆ. ಅದು ಬಿಟ್ಟುಹೋದ ಫೈಲ್‌ಗಳ ರಿಲೀಸ್ ಕಾಲ್‌ಬ್ಯಾಕ್ ಓಡುವಾಗ ಕರೆಂಟ್‌ನ ಎಫ್‌ಎಸ್ ಪಾಯಿಂಟರ್ ಆಗಲೇ ನಲ್ ಆಗಿರಬಹುದು. ಅಲ್ಲಿ ಕರ್ನ್_ಪಾಥ್ ಅಥವಾ ಫಿಲ್ಪ್_ಓಪನ್ ಕರೆದರೆ ನೇರ ಊಪ್ಸ್, ಅಂದರೆ ಕರ್ನಲ್ ದೋಷ.

ಅನುಮತಿ ಯಾರದ್ದು?

ಹೆಸರು ಹುಡುಕುವಾಗ ನೋಡುವುದು ಕರೆಂಟ್ ಪ್ರೋಸೆಸ್‌ನ ಹಕ್ಕುಗಳನ್ನು. ಗೆಟ್‌ಆಟ್ರ್ ಒಳಗಿನ ಸೆಕ್ಯುರಿಟಿ ತಪಾಸಣೆಯೂ ಹಾಗೆಯೇ. ಎಸ್‌ಇಲಿನಕ್ಸ್ ಎಂಬ ಸೆಕ್ಯುರಿಟಿ ಮಾಡ್ಯೂಲ್ ಇರುವ ಯಂತ್ರದಲ್ಲಿ ಇ-ಆ್ಯಕ್ಸೆಸ್ (ಅನುಮತಿ ಇಲ್ಲ ಎಂಬ ದೋಷ) ಬಂದರೆ ಬೆಚ್ಚಬೇಡಿ. ತಪಾಸಣೆ ಬೇಡವೆಂದರೆ ವಿಎಫ್‌ಎಸ್_ಗೆಟ್‌ಆಟ್ರ್_ನೋಸೆಕ್ ಇದೆ. ಉತ್ತರ ಕರ್ನಲ್ ಒಳಗೇ ಉಳಿಯುತ್ತದೆ ಎಂದಾದರೆ ಅದು ಸರಿ. ಉತ್ತರವನ್ನು ಯೂಸರ್‌ಗೆ ಕೊಡಲಿದ್ದೀರಾದರೆ ಅದನ್ನು ಮುಟ್ಟಬೇಡಿ, ನೀವೇ ಹಿತ್ತಲ ಬಾಗಿಲು ಕಟ್ಟಿದಂತಾಗುತ್ತದೆ.

ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ (ಫೈಲ್‌ಗೆ ಅಂಟಿಸುವ ಹೆಚ್ಚುವರಿ ವಿವರ) ಬೇಕಿದ್ದರೂ ಇದೇ ಆಯ್ಕೆ. ವಿಎಫ್‌ಎಸ್_ಗೆಟ್‌ಎಕ್ಸ್‌ಆಟ್ರ್ ಅನುಮತಿ ನೋಡುತ್ತದೆ. ಅದೇ ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್ ಇರುವುದು ನೋಡುವುದಿಲ್ಲ.

ಆವೃತ್ತಿಗಳ ಕಿರಿಕಿರಿ

ವಿಎಫ್‌ಎಸ್_ಗೆಟ್‌ಆಟ್ರ್ ಎಂದೂ ಒಂದೇ ರೂಪದಲ್ಲಿ ಇದ್ದದ್ದಲ್ಲ. 3.9ಕ್ಕಿಂತ ಮೊದಲು ಮೌಂಟ್ ಮತ್ತು ಡೆಂಟ್ರಿ ಬೇರೆ ಬೇರೆ ಕೊಡಬೇಕಿತ್ತು. ಆಮೇಲೆ ಪಾಥ್ ಬಂತು. 2017ರಲ್ಲಿ 4.11ರ ಜೊತೆ ಸ್ಟ್ಯಾಟ್‌ಎಕ್ಸ್ ಎಂಬ ಹೊಸ ಸಿಸ್ಟಮ್ ಕಾಲ್ ಬಂದಾಗ ಇನ್ನೆರಡು ಆರ್ಗ್ಯುಮೆಂಟ್ ಸೇರಿದವು. ಒಂದು, ನಿಮಗೆ ಯಾವ ವಿವರಗಳು ಬೇಕು ಎಂಬ ಮಾಸ್ಕ್. ಮಾಮೂಲಿಗೆ ಸ್ಟ್ಯಾಟ್‌ಎಕ್ಸ್_ಬೇಸಿಕ್_ಸ್ಟ್ಯಾಟ್ಸ್ ಸಾಕು, ಫೈಲ್ ಹುಟ್ಟಿದ ಸಮಯ ಬೇಕಿದ್ದರೆ ಬಿಟೈಮ್ ಸೇರಿಸಿ. ಆ ಸಮಯವನ್ನು ಎಲ್ಲ ಫೈಲ್ ಸಿಸ್ಟಮ್‌ಗಳೂ ಇಟ್ಟುಕೊಂಡಿರುವುದಿಲ್ಲ. ಹಾಗಾಗಿ ಓದುವ ಮೊದಲು ಕೆಸ್ಟ್ಯಾಟ್‌ನ ರಿಸಲ್ಟ್_ಮಾಸ್ಕ್ ನೋಡಿ. ಇನ್ನೊಂದು, ಸರ್ವರ್ ಅನ್ನು ಕೇಳಬೇಕೋ ಬೇಡವೋ ಎಂಬ ಫ್ಲ್ಯಾಗ್. ನೆಟ್‌ವರ್ಕ್ ಕಾಯುವಿಕೆ ಬೇಡ, ಸ್ವಲ್ಪ ಹಳೆಯದಾದರೂ ನಡೆಯುತ್ತದೆ ಎಂದರೆ ಡೋಂಟ್_ಸಿಂಕ್ ಕೊಡಿ.

ಮೂಲ ಕರ್ನಲ್ ಮರದ ಹೊರಗಿನ ಮಾಡ್ಯೂಲ್ ಆದರೆ ಇದಕ್ಕೆಲ್ಲ ಒಂದು ಚಿಕ್ಕ ಹೊದಿಕೆ ಫಂಕ್ಷನ್ ಬರೆದು, ಆವೃತ್ತಿಯ ತಪಾಸಣೆಯನ್ನು ಅಲ್ಲಿಯೇ ಇಡಿ. ಎಂಟರ್‌ಪ್ರೈಸ್ ಕರ್ನಲ್‌ಗಳಲ್ಲಿ ಆವೃತ್ತಿ ಸಂಖ್ಯೆ ಹಳೆಯದಿದ್ದರೂ ಒಳಗಿನ ಕೋಡ್ ಹೊಸದಿರುತ್ತದೆ. ಆದ್ದರಿಂದ ಸಂಖ್ಯೆ ನೋಡುವುದಕ್ಕಿಂತ ಬಿಲ್ಡ್ ವೇಳೆ ಒಂದು ಸಣ್ಣ ತುಣುಕು ಕಂಪೈಲ್ ಮಾಡಿ ನೋಡುವುದು ವಾಸಿ. ಎಕ್ಸ್‌ಪೋರ್ಟ್ ಆಗದ ಫಂಕ್ಷನ್‌ಗಳನ್ನು ಕಾಲ್‌ಸಿಮ್ಸ್_ಲುಕಪ್_ನೇಮ್ ಮೂಲಕ ಹುಡುಕಿ ಕರೆಯುವ ಹಳೆಯ ಉಪಾಯವೂ 5.7ರಿಂದ ನಡೆಯುವುದಿಲ್ಲ.

ಮಾಡ್ಯೂಲ್ ಬೇಕೇ?

ಈ ಪ್ರಶ್ನೆ ಮೊದಲೇ ಕೇಳಬೇಕಿತ್ತು ಅನಿಸಬಹುದು. ಬರೀ ಗಮನಿಸುವ ಕೆಲಸ, ಅಂದರೆ ಯಾರು ಯಾವ ಫೈಲ್ ತೆರೆದರು, ಅದರ ಗಾತ್ರ ಎಷ್ಟು ಎಂಬಷ್ಟೇ ಆದರೆ ಇಬಿಪಿಎಫ್ (ಮೊದಲೇ ತಪಾಸಣೆಯಾಗಿ ಕರ್ನಲ್ ಒಳಗೆ ಓಡುವ ಚಿಕ್ಕ ಪ್ರೋಗ್ರಾಮ್) ಸಾಕು. ಐನೋಡ್‌ನ ಫೀಲ್ಡ್‌ಗಳನ್ನು ಅಲ್ಲಿಂದಲೂ ಓದಬಹುದು, ತಪ್ಪಾದರೆ ಯಂತ್ರ ಬೀಳುವ ಭಯವೂ ಕಡಿಮೆ. ಆದರೆ ಅಲ್ಲಿ ಸಿಗುವುದು ನೇರ ಓದಿನ ಉತ್ತರ, ಮೇಲೆ ಹೇಳಿದ ಬಿಟಿಆರ್‌ಎಫ್‌ಎಸ್ ಮತ್ತು ಎನ್‌ಎಫ್‌ಎಸ್ ತಕರಾರುಗಳು ಹಾಗೆಯೇ ಇರುತ್ತವೆ. ಕಾನ್ಫಿಗರೇಷನ್ ಫೈಲ್ ಬದಲಾಗಿದೆಯೇ ಎಂದು ನೋಡಲು ಸ್ಟ್ಯಾಟ್ ಬೇಕಾಗಿದ್ದರೆ ಅದು ಕರ್ನಲ್‌ನ ಕೆಲಸವೇ ಅಲ್ಲ. ಯೂಸರ್ ಸ್ಪೇಸ್‌ನ ಒಂದು ಸಣ್ಣ ಡೀಮನ್ ನೋಡಿ, ನೆಟ್‌ಲಿಂಕ್‌ನಲ್ಲಿ (ಕರ್ನಲ್ ಜೊತೆ ಸಂದೇಶ ಸಾಗಿಸುವ ಸಾಕೆಟ್) ತಿಳಿಸಲಿ.

ಇಷ್ಟಾದರೂ ಮಾಡ್ಯೂಲೇ ಬೇಕು ಎಂದಾದರೆ, ಪರೀಕ್ಷೆಗೆ ಡೀಬಗ್_ಅಟಾಮಿಕ್_ಸ್ಲೀಪ್ ಹಾಕಿದ ಕರ್ನಲ್ ಕಟ್ಟಿಕೊಳ್ಳಿ. ನಿದ್ದೆ ಮಾಡಬಾರದ ಜಾಗದಲ್ಲಿ ಕರ್ನ್_ಪಾಥ್ ಕರೆದಿದ್ದರೆ, ಡೆಂಟ್ರಿ ಕ್ಯಾಶ್‌ನಲ್ಲಿದ್ದರೂ ಅದು ಮೊದಲ ಸಲವೇ ಲಾಗ್‌ನಲ್ಲಿ ಕೂಗಿಕೊಳ್ಳುತ್ತದೆ. ಆಮೇಲೆ ಅದೇ ಪರೀಕ್ಷೆಯನ್ನು ಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಸಬ್‌ವಾಲ್ಯೂಮ್, ಓವರ್ಲೇ, ಎನ್‌ಎಫ್‌ಎಸ್ ಮೇಲೆ ಓಡಿಸಿ, ಪ್ರತಿ ಸಲವೂ ಯೂಸರ್ ಸ್ಪೇಸ್‌ನ ಸ್ಟ್ಯಾಟ್ ಹೇಳಿದ್ದರ ಜೊತೆ ಸಾಲು ಸಾಲಾಗಿ ಹೋಲಿಸಿ. ಕೊನೆಗೆ ಅನ್‌ಮೌಂಟ್ ಮಾಡಿ ನೋಡುವುದನ್ನು ಮರೆಯಬೇಡಿ.